ಫ್ಲ್ಯಾಪ್ ಇಳಿಸುವುದಲ್ಲ, ಎತ್ತುವುದೇ ಕಷ್ಟ

ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಹಲಗೆ, ಕಡಿಮೆ ವೇಗದಲ್ಲೂ ರೆಕ್ಕೆಗೆ ಎತ್ತುವ ಬಲ ಕೊಡುತ್ತದೆ. ಸೆಸ್ನಾ 172ಎಸ್ ಎಂಬ ಸಣ್ಣ ವಿಮಾನದ ಲೆಕ್ಕದಲ್ಲೇ ಹೇಳುತ್ತೇನೆ. 10 ಡಿಗ್ರಿ ಫ್ಲ್ಯಾಪ್ 110 ನಾಟ್ (ಒಂದು ನಾಟ್ ಗಂಟೆಗೆ ಸುಮಾರು 1.85 ಕಿ.ಮೀ.) ಒಳಗೆ, 20 ಮತ್ತು 30 ಡಿಗ್ರಿ 85ರ ಒಳಗೆ. ವೇಗ ತೋರಿಸುವ ಮೀಟರಿನಲ್ಲಿ ಪೂರ್ತಿ ಫ್ಲ್ಯಾಪಿನ ವೇಗ ಗುರುತಿಸುವ ಬಿಳಿ ಪಟ್ಟಿ ಮುಗಿಯುವುದೂ 85ಕ್ಕೇ. 1980ರವರೆಗಿನ 172ಗಳಲ್ಲಿ 40 ಡಿಗ್ರಿಯೂ ಇತ್ತು, ಹಾಗಾಗಿ ನಿಮ್ಮ ವಿಮಾನದ ಕೈಪಿಡಿಯೇ ಅಂತಿಮ.

ತಿರುವಿನಲ್ಲಿ ಫ್ಲ್ಯಾಪ್ ಲಿವರ್ ಮುಟ್ಟದಿರುವುದು ಒಳ್ಳೆಯದು. ಒಂದು ಬದಿಯ ಫ್ಲ್ಯಾಪ್ ಮಾತ್ರ ಇಳಿದರೆ ವಿಮಾನ ವಾಲುತ್ತದೆ, ಆಗಲೇ ವಾಲಿಕೊಂಡು ತಿರುಗುತ್ತಿದ್ದರೆ ಅದು ತಡವಾಗಿ ಗೊತ್ತಾಗುತ್ತದೆ. ರೆಕ್ಕೆ ಸಮ ಮಾಡಿ, ಫ್ಲ್ಯಾಪ್ ಇಳಿಸಿ, ಎರಡೂ ಕಿಟಕಿಯಿಂದ ಒಮ್ಮೆ ಹಿಂದೆ ನೋಡಿ. ವಾಲಿದರೆ ಲಿವರ್ ಹಿಂದಿದ್ದ ಜಾಗಕ್ಕೆ ಹೋಗಲಿ, ಕಾರಣ ಆಮೇಲೆ ಹುಡುಕಬಹುದು.

ಪೂರ್ತಿ ಫ್ಲ್ಯಾಪಿನಲ್ಲಿ ಫೈನಲ್ (ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಂತ) ವೇಗ 60ರಿಂದ 70 ನಾಟ್. ಫ್ಲ್ಯಾಪ್ ಇಲ್ಲದೆ 65ರಿಂದ 75. ಗಾಳಿ ಬಿರುಸಾಗಿ ಅಡ್ಡ ಬೀಸುತ್ತಿದ್ದರೆ ರನ್‌ವೇ ಉದ್ದಕ್ಕೆ ಎಷ್ಟು ಬೇಕೋ ಅಷ್ಟೇ ಫ್ಲ್ಯಾಪ್ ಸಾಕು. 20 ಡಿಗ್ರಿ ಮೀರಿದ ಮೇಲೆ ಕಡಿದಾದ ಸ್ಲಿಪ್ (ಬದಿಗೆ ಜಾರುತ್ತಾ ಇಳಿಯುವುದು) ಬೇಡ, ಮೂಗನ್ನು ಏರಿಳಿಸುವ ಬಾಲದ ಎಲಿವೇಟರ್ ಅಲುಗಾಡುವ ಸ್ವಭಾವ ಇದಕ್ಕಿದೆ.

ಅಪಾಯ ಇರುವುದು ಗೋ-ಅರೌಂಡ್‌ನಲ್ಲಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವಾಗ. ಪೂರ್ತಿ ಥ್ರಾಟಲ್ (ಎಂಜಿನ್ ಶಕ್ತಿ) ಕೊಟ್ಟೊಡನೆ, ಇಳಿಯಲೆಂದು ಹೊಂದಿಸಿದ್ದ ಟ್ರಿಮ್‌ನಿಂದಾಗಿ (ಮೂಗನ್ನು ಒಂದು ಕೋನದಲ್ಲಿ ನಿಲ್ಲಿಸುವ ಹೊಂದಾಣಿಕೆ) ಮೂಗು ಜೋರಾಗಿ ಮೇಲೇಳುತ್ತದೆ. ಕೈಯಲ್ಲಿ ಹಿಡಿದ ಚುಕ್ಕಾಣಿಯನ್ನು (ಯೋಕ್) ಗಟ್ಟಿಯಾಗಿ ಮುಂದಕ್ಕೆ ಒತ್ತಬೇಕು. ಆಮೇಲೆ ಫ್ಲ್ಯಾಪ್ 20ಕ್ಕೆ ಮಾತ್ರ. ಗಾಬರಿಯಲ್ಲಿ ಲಿವರ್ ಸೊನ್ನೆಗೆ ಹೋದರೆ? ಸ್ಟಾಲ್ ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು. ಬಿಳಿ ಪಟ್ಟಿಯ ಕೆಳ ತುದಿ, ಅಂದರೆ ಪೂರ್ತಿ ಫ್ಲ್ಯಾಪಿನ ಸ್ಟಾಲ್ ವೇಗ 40; ಹಸಿರು ಪಟ್ಟಿಯದು, ಅಂದರೆ ಫ್ಲ್ಯಾಪ್ ಇಲ್ಲದ ಸ್ಟಾಲ್ ವೇಗ 48. ಅಂದರೆ 50 ನಾಟ್‌ನಲ್ಲಿ ಹಾರುತ್ತಿದ್ದ ರೆಕ್ಕೆ ಸ್ಟಾಲ್ ಅಂಚಿಗೆ ಬಂತು, ವಿಮಾನ ನೆಲದತ್ತ ಕುಸಿಯಿತು. 60 ನಾಟ್ ಹಿಡಿದು, ಅಡೆತಡೆ ದಾಟುವವರೆಗೆ 10 ಡಿಗ್ರಿ ಇರಲಿ. ಎತ್ತರವೂ ವೇಗವೂ ಬಂದ ಮೇಲೆ ಸೊನ್ನೆ.

ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಂಥ ಕಡೆ ಇದು ಇನ್ನೂ ಬಿಗಿ. ಸುಮಾರು 3000 ಅಡಿ ಎತ್ತರ, ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲು ಅಂದುಕೊಳ್ಳಿ: ಎಂಜಿನ್ ಪಾಲಿಗೆ ಅದು ಸುಮಾರು 5900 ಅಡಿಯ ಗಾಳಿ. ಮೀಟರ್ 65 ತೋರಿದರೂ ನಿಜವಾದ ವೇಗ 70 ದಾಟಿರುತ್ತದೆ. ಮೀಟರನ್ನೇ ನಂಬಿ, ಹೊರಗೆ ನೆಲ ಬೇಗ ಓಡಿತೆಂದು ವೇಗ ಇಳಿಸಬೇಡಿ. 30 ಡಿಗ್ರಿ ಫ್ಲ್ಯಾಪ್ ಹೊತ್ತು ಆ ತೆಳು ಗಾಳಿಯಲ್ಲಿ ಏರುವುದು ನಿಧಾನ, ಆದ್ದರಿಂದ ಗೋ-ಅರೌಂಡ್ ನಿರ್ಧಾರ ಬೇಗ ಆಗಬೇಕು.