ಎಂಆರ್‌ಐ ಮಷಿನ್ನಿನೊಳಗೆ ನಾನು ಎಲ್ಲಿ ಹೋಗಿದ್ದೆ?

ದೇವರ ಜೊತೆ ನನಗೆ ಜಗಳ ಇಲ್ಲ, ಹಾಗಂತ ಸಲುಗೆಯೂ ಇಲ್ಲ. ಹಬ್ಬಕ್ಕೆ ಕೈ ಮುಗಿಯುತ್ತೇನೆ, ಊರಿಗೆ ಹೋದಾಗ ಗುಡಿಗೆ ಹೋಗುತ್ತೇನೆ, ಪ್ರಸಾದ ಚೆನ್ನಾಗಿದ್ದರೆ ಎರಡನೇ ಸಲವೂ ಕೈ ಒಡ್ಡುತ್ತೇನೆ. ಧ್ಯಾನ ಅಂತ ಕೂತರೆ ಐದು ನಿಮಿಷಕ್ಕೆ ಮಂಡಿ ಹಿಡಿದುಕೊಳ್ಳುತ್ತೆ. ಅದಕ್ಕೇ ಈ ವಿಷಯ ಬರೆಯೋಕೆ ಸ್ವಲ್ಪ ಮುಜುಗರ. ಸಾಧಕರಿಗೆ ಆಗಬೇಕಾದ್ದು ನನಗಾಯಿತು, ಅದೂ ಬೆಂಗಳೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನ ಬೇಸ್‌ಮೆಂಟಿನಲ್ಲಿ.

ಶುರುವಾಗಿದ್ದು ತಲೆಸುತ್ತಿನಿಂದ. ಬೆಳಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಫ್ಯಾನು, ಕಿಟಕಿ, ಬೀರು ಎಲ್ಲ ಗಿರಗಿರ ತಿರುಗುತ್ತಿದ್ದವು. ಡಾಕ್ಟರು "ಕಿವೀದೇ ಇರಬೇಕು, ಆದ್ರೂ ಒಂದು ಎಂಆರ್‌ಐ ಆಗಿಬಿಡಲಿ" ಅಂದರು. ಆ "ಆದ್ರೂ" ಅನ್ನುವುದು ನನ್ನ ಎರಡು ರಾತ್ರಿಯ ನಿದ್ದೆ ತಿಂದಿತು.

ಅಲ್ಲಿ ಒಳಗೆ ಹೋಗೋಕೆ ಮುಂಚೆ ಮೈಮೇಲಿನ ಲೋಹವನ್ನೆಲ್ಲ ಕಳಚಬೇಕು. ಉಂಗುರ, ವಾಚು, ಬೆಲ್ಟು, ಬೆಳ್ಳಿ ಉಡದಾರ. ಕನ್ನಡಕ ಮತ್ತು ಫೋನು ಹೆಂಡತಿಯ ಕೈಗೆ. ನನಗಿಂತ ಮುಂಚಿನ ನಂಬರಿನ ಅಜ್ಜಿಯೊಬ್ಬರು ತಾಳಿ ತೆಗೆಯಬೇಕಾಗುತ್ತೆ ಅಂತ ಮೊದಲೇ ತಿಳಿದುಕೊಂಡು ಅರಿಶಿನದ ಕೊಂಬು ಕಟ್ಟಿದ ದಾರ ತಂದಿದ್ದರು. ಅದನ್ನು ಕತ್ತಿಗೆ ಹಾಕಿಕೊಂಡ ಮೇಲೆಯೇ ಸರ ತೆಗೆದು ಸೊಸೆಗೆ ಕೊಟ್ಟರು. ನನಗೆ ಅಂಥ ಬದಲಿ ವ್ಯವಸ್ಥೆ ಏನೂ ಇರಲಿಲ್ಲ. ಹಸಿರು ಗೌನು ಹಾಕಿಕೊಂಡು, ಕನ್ನಡಕ ಇಲ್ಲದೆ, ಜೇಬಿಲ್ಲದೆ ನಿಂತಾಗ ನಾನು ಯಾರು ಬೇಕಾದರೂ ಆಗಿರಬಹುದಿತ್ತು.

"ಮ್ಯಾಗ್ನೆಟ್ ಯಾವಾಗ್ಲೂ ಆನ್ ಇರುತ್ತೆ ಸರ್, ಕರೆಂಟ್ ಹೋದ್ರೂ" ಅಂದ ಟೆಕ್ನಿಷಿಯನ್ ಹುಡುಗ, ಸ್ವಲ್ಪ ಹೆಮ್ಮೆಯಿಂದಲೇ. ಆ ಕಾಂತವನ್ನು ದ್ರವ ಹೀಲಿಯಂ ಸುಮಾರು ಮೈನಸ್ 269 ಡಿಗ್ರಿಯಲ್ಲಿ ಇಟ್ಟಿರುತ್ತೆ, ಅಷ್ಟು ತಣ್ಣಗಿದ್ದಾಗ ಸುರುಳಿಯಲ್ಲಿ ಒಮ್ಮೆ ಹರಿದ ವಿದ್ಯುತ್ತು ತಡೆಯಿಲ್ಲದೆ ಸುತ್ತುತ್ತಲೇ ಇರುತ್ತೆ. ತಲೆಗೆ ಪಂಜರದಂಥದ್ದೊಂದು ಮುಚ್ಚಿದ, ಕಿವಿಗೆ ಹತ್ತಿ ಇಟ್ಟ, ಕೈಗೆ ರಬ್ಬರ್ ಬಲ್ಬು ಕೊಟ್ಟ. "ತುಂಬಾ ಭಯ ಆದ್ರೆ ಮಾತ್ರ ಒತ್ತಿ. ಅಲುಗಾಡ್ಬೇಡಿ." ಹಾಸಿಗೆ ಒಳಗೆ ಸರಿಯಿತು.

ಮೊದಲ ಕೆಲವು ನಿಮಿಷ ನನ್ನ ತಲೆಯಲ್ಲಿ ಓಡಿದ್ದನ್ನು ಹೇಳಿದರೆ ನೀವು ನಗಬಹುದು. ಮನೆ ಸಾಲದ ಕಂತು ಯಾವ ಅಕೌಂಟಿನಿಂದ ಹೋಗುತ್ತೆ ಅಂತ ಹೆಂಡತಿಗೆ ಗೊತ್ತಾ? ಇನ್ಶೂರೆನ್ಸ್ ಪೇಪರ್ ಇರೋದು ಹಳದಿ ಫೈಲಿನಲ್ಲೋ ನೀಲಿಯಲ್ಲೋ? ಯುಪಿಐ ಪಿನ್ನು? ಸಾವು ಅಂದರೆ ಪಾಸ್‌ವರ್ಡುಗಳ ಸಮಸ್ಯೆ ಅನ್ನುವಷ್ಟರ ಮಟ್ಟಿಗೆ ಬಂದುಬಿಟ್ಟಿದ್ದೇನೆ. ಆಮೇಲೆ ಶಬ್ದ ಶುರುವಾಯಿತು. ಟಕ್ ಟಕ್ ಟಕ್. ಸ್ವಲ್ಪ ಸುಮ್ಮನಾಗಿ ಆಮೇಲೆ ಗೋಡೆ ಕೊರೆದ ಹಾಗೆ ಒಂದೇ ಸಮನೆ ಗರ್ರ್. ಹತ್ತಿ ಇಟ್ಟಿದ್ದರೂ ಅದು ಹಲ್ಲಿನಲ್ಲಿ ಕೇಳಿಸುತ್ತಿತ್ತು.

ತಪ್ಪಿಸಿಕೊಳ್ಳೋಕೆ ದಾರಿ ಇರಲಿಲ್ಲ. ಕೈ ಆಡಿಸುವ ಹಾಗಿಲ್ಲ, ಗಂಟಲು ಸರಿಮಾಡಿಕೊಳ್ಳುವ ಹಾಗಿಲ್ಲ, ನೋಡೋಕೆ ಏನೂ ಇಲ್ಲ. ಫೋನ್ ಇಲ್ಲದೆ ಸುಮ್ನೆ ಮಲಗಿ ಎಷ್ಟು ಕಾಲವಾಗಿತ್ತೋ. ಯೋಚನೆಗಳು ಒಂದೊಂದೇ ನಿಧಾನವಾದವು. ಭಯ ಮಾತ್ರ ಇತ್ತು, ಎದೆಯ ಹತ್ತಿರ ಗಟ್ಟಿಯಾಗಿ. ಬೇರೆ ಕೆಲಸ ಇಲ್ಲದ್ದಕ್ಕೆ ಅದನ್ನೇ ನೋಡುತ್ತಾ ಮಲಗಿದ್ದೆ. ಯಾವ ಕ್ಷಣದಲ್ಲಿ ಅಂತ ಹೇಳೋಕೆ ಬರಲ್ಲ, ಭಯವೂ ಇರಲಿಲ್ಲ, ಅದನ್ನು ನೋಡುತ್ತಿದ್ದವನೂ ಇರಲಿಲ್ಲ. ಶಬ್ದ ಇತ್ತು. ಆದರೆ ಹೊರಗಿನ ಶಬ್ದ ಒಳಗಿನ ನನಗೆ ಕೇಳಿಸುತ್ತಿದೆ ಅನ್ನುವ ಏರ್ಪಾಡು ಕಳಚಿಹೋಗಿತ್ತು. ಬೆಳಕು ಕಾಣಲಿಲ್ಲ, ಯಾವ ದೇವರೂ ಬರಲಿಲ್ಲ, ಸತ್ತುಹೋದ ಅಪ್ಪನೂ ಮಾತಾಡಿಸಲಿಲ್ಲ. ಎಲ್ಲ ಇದೆ, ಇರೋದೇ ಒಂದು ದೊಡ್ಡ ಆಶ್ಚರ್ಯ, ಅದು ನನ್ನದಲ್ಲ, ಅದಕ್ಕೆ ನಾನು ಬೇಕಾಗಿಯೂ ಇಲ್ಲ ಅನ್ನುವ ಹಾಗೆ. ಈಗ ಬರೆದರೆ ಬೇಜಾರಿನ ಮಾತಿನ ಥರ ಕಾಣುತ್ತೆ. ಆಗ ಅದಕ್ಕಿಂತ ಹಗುರವಾದದ್ದು ಯಾವುದೂ ಇರಲಿಲ್ಲ.

"ಸರ್, ಮುಗೀತು" ಅಂತ ಸ್ಪೀಕರಿನಲ್ಲಿ ದನಿ ಬಂದಾಗ ಆ "ಸರ್" ನಾನೇ ಅಂತ ಹೊಳೆಯೋಕೆ ಸ್ವಲ್ಪ ಹೊತ್ತು ಹಿಡಿಯಿತು.

ಹೊರಗೆ ಬಂದು ಹೆಂಡತಿಗೆ ಹೇಳಿದೆ. "ಬೆಳಗ್ಗೆ ಸರಿಯಾಗಿ ತಿಂಡಿ ತಿಂದಿಲ್ಲ ರೀ ನೀವು" ಅಂದಳು. ಇರಬಹುದು. ಎದುರಿನ ದರ್ಶಿನಿಯಲ್ಲಿ ಎರಡು ಇಡ್ಲಿ ಒಂದು ವಡೆ ತಿಂದೆ. ವಡೆ ತಿನ್ನುವಾಗಲೂ ಆ ಅನುಭವದ ಎಳೆ ಸ್ವಲ್ಪ ಉಳಿದಿತ್ತು. ಪಾರ್ಕಿಂಗಿನಲ್ಲಿ ಯಾರೋ ನನ್ನ ಸ್ಕೂಟರಿಗೆ ಅಡ್ಡ ನಿಲ್ಲಿಸಿದ್ದು ನೋಡಿದ ತಕ್ಷಣ ಪೂರ್ತಿ ಹೋಯಿತು.

ಆಮೇಲೆ ಆ ಮಷಿನ್ನು ಏನು ಮಾಡುತ್ತೆ ಅಂತ ಕೂತು ಓದಿದೆ. ಇದನ್ನು ಹೇಳದೆ ಇರೋಕೆ ಆಗಲ್ಲ. ಅದು ಹುಡುಕೋದು ನಮ್ಮ ಮೈಯಲ್ಲಿರುವ ಹೈಡ್ರೋಜನ್ನನ್ನು, ಮುಖ್ಯವಾಗಿ ನೀರಿನಲ್ಲಿರೋದು ಮತ್ತು ಕೊಬ್ಬಿನಲ್ಲಿರೋದು. ಲೆಕ್ಕಕ್ಕೆ ಹಿಡಿದರೆ ನಮ್ಮ ದೇಹದ ಪರಮಾಣುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ. 1.5 ಟೆಸ್ಲಾ (ಟೆಸ್ಲಾ ಅಂದರೆ ಕಾಂತದ ಬಲದ ಅಳತೆ) ಕಾಂತದೊಳಗೆ ಆ ಹೈಡ್ರೋಜನ್ ಪರಮಾಣುವಿನ ನಡುವೆ ಇರುವ ಕಣ, ಅಂದರೆ ಒಂದೊಂದು ಪ್ರೋಟಾನೂ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ಬುಗುರಿಯ ಓಲಾಟ ಓಲಾಡುತ್ತೆ. ಕಾಂತದ ದಿಕ್ಕಿಗೆ ವಾಲಿದವು, ಅದರ ಎದುರು ದಿಕ್ಕಿಗೆ ವಾಲಿದವು ಹೆಚ್ಚುಕಡಿಮೆ ಸಮ, 10 ಲಕ್ಷಕ್ಕೆ ಕೆಲವೇ ಕೆಲವು ಮಾತ್ರ ಒಂದು ಕಡೆಗೆ ಜಾಸ್ತಿ. ಆ ಕೆಲವೇ ಕೆಲವುಗಳ ಸಣ್ಣ ದನಿಯಿಂದಲೇ ಮೆದುಳಿನ ಚಿತ್ರ ಬರುತ್ತೆ. ಈ ಪ್ರೋಟಾನುಗಳಿಗೆ ವಯಸ್ಸೆಷ್ಟು ಗೊತ್ತಾ? ಸುಮಾರು 1380 ಕೋಟಿ ವರ್ಷ. ಇಂಗಾಲ, ಆಮ್ಲಜನಕ ಎಲ್ಲ ಆಮೇಲೆ ನಕ್ಷತ್ರಗಳ ಹೊಟ್ಟೆಯಲ್ಲಿ ಬೆಂದು ಬಂದವು, ಇವು ಮಾತ್ರ ವಿಶ್ವ ಹುಟ್ಟಿದ ಗಳಿಗೆಯವು. ಅವು ನನಗೆ ಸೇರಿದವು ಅನ್ನೋಕೆ ನಾಚಿಕೆಯಾಗುತ್ತೆ. ನಾನೇ ಅವುಗಳ ಮಧ್ಯೆ ಸ್ವಲ್ಪ ದಿನಕ್ಕೆ ಬಂದು ಕೂತಿರುವವನು.

ಇದೇ ಸಮಯದಲ್ಲಿ ರಮಣ ಮಹರ್ಷಿಗಳ ಕತೆ ಮತ್ತೆ ಓದಿದೆ. 1896ರ ಜುಲೈ, ಮದುರೆಯ ಚಿಕ್ಕಪ್ಪನ ಮನೆ, 16 ವರ್ಷದ ಗಟ್ಟಿಮುಟ್ಟಾದ ಹುಡುಗ. ಇದ್ದಕ್ಕಿದ್ದ ಹಾಗೆ ಸಾಯುತ್ತೇನೆ ಅನ್ನುವ ಭಯ. ಯಾರನ್ನೂ ಕರೆಯಲಿಲ್ಲ. ಹೆಣದ ಹಾಗೆ ಕೈಕಾಲು ಬಿಗಿಮಾಡಿ, ಉಸಿರು ಕಟ್ಟಿ ಮಲಗಿ, ದೇಹ ಸತ್ತರೆ ಸಾಯೋದು ಯಾರು ಅಂತ ನೋಡಿದ. ಕೆಲವು ವಾರಗಳಲ್ಲಿ ಮನೆ ಬಿಟ್ಟ. ಅಣ್ಣನ ಕಾಲೇಜು ಫೀಸಿಗೆ ಅಂತ ಕೊಟ್ಟಿದ್ದ 5 ರೂಪಾಯಿಯಲ್ಲಿ 3 ತೆಗೆದುಕೊಂಡು, ಉಳಿದ 2 ರೂಪಾಯಿಯನ್ನು ಒಂದು ಚೀಟಿಯ ಜೊತೆ ಇಟ್ಟು ಹೋದ. ತಿರುವಣ್ಣಾಮಲೈ ತಲುಪಿದವರು 1950ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ನನಗೆ ತುಂಬಾ ಇಷ್ಟವಾಗೋದು ಆ ಚಿಲ್ಲರೆ ಲೆಕ್ಕ. ಲೋಕವನ್ನೇ ಬಿಟ್ಟು ಹೊರಟವನು ರೈಲಿಗೆ ಬೇಕಾದಷ್ಟೇ ತೆಗೆದುಕೊಂಡ. ನಾನಂತೂ ಸ್ಕ್ಯಾನಿನ ದುಡ್ಡನ್ನು ಇನ್ಶೂರೆನ್ಸಿನಿಂದ ವಾಪಸ್ ಪಡೆಯೋಕೆ ಮೇಲ್ ಮೇಲೆ ಮೇಲ್ ಹಾಕಿದೆ. ಅವರಿಗಾಗಿದ್ದು, ನನಗಾಗಿದ್ದು ಒಂದೇ ಅಂತ ಹೇಳುವಷ್ಟು ತಲೆ ಕೆಟ್ಟಿಲ್ಲ. ಆದರೆ ಅಲುಗಾಡದೆ ಮಲಗಿ ಭಯವನ್ನು ನೋಡೋದು ಅಂದರೆ ಏನು ಅಂತ ಒಂದು ಚೂರು ರುಚಿ ಸಿಕ್ಕಿತು.

ಇಂಥ ಅನುಭವವೆಲ್ಲ ಮೆದುಳಿನ ಆಟ ಅನ್ನುವವರು ಇದ್ದಾರೆ. ಸರಿಯೇ. 2002ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರುಗಳು ಮೂರ್ಛೆ ರೋಗ ಇದ್ದ ಹೆಂಗಸೊಬ್ಬರ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣದಾಗಿ ಕರೆಂಟು ಕೊಟ್ಟಾಗ, ಮಂಚದ ಮೇಲೆ ಮಲಗಿದ ತಮ್ಮನ್ನೇ ಮೇಲಿನಿಂದ ನೋಡಿದ ಹಾಗಾಯಿತು ಅಂತ ಅವರು ಹೇಳಿದ್ದರು. ನಾನು ಇಲ್ಲಿದ್ದೇನೆ, ಈ ಚರ್ಮದೊಳಗಿದ್ದೇನೆ ಅನ್ನೋದೂ ಮೆದುಳು ಕಷ್ಟಪಟ್ಟು ಮಾಡುತ್ತಿರುವ ಕೆಲಸವೇ. ಹಾಗಿದ್ದ ಮೇಲೆ ದಿನಾ ಇರುವ ಈ "ನಾನು" ಮಾತ್ರ ಅಸಲಿ, ಅದು ಇಲ್ಲದ ಹೊತ್ತು ನಕಲಿ ಅಂತ ಹೇಗೆ ಹೇಳೋದು? ಎರಡೂ ಒಂದೇ ಕಾರ್ಖಾನೆಯ ಮಾಲು ತಾನೇ. ಅದರಿಂದ ಆತ್ಮ ಇದೆ, ದೇವರಿದ್ದಾನೆ ಅಂತೆಲ್ಲ ಸಾಬೀತಾಗಲ್ಲ, ಅದೂ ಗೊತ್ತು. ನನ್ನ ತಕರಾರು ಇಷ್ಟೇ, ಕಾರಣ ಗೊತ್ತಾದ ತಕ್ಷಣ ಅನುಭವವನ್ನು ಕಸದ ಬುಟ್ಟಿಗೆ ಹಾಕಬೇಡಿ.

ರಿಪೋರ್ಟು ಬಂತು. ಎಲ್ಲ ನಾರ್ಮಲ್. ತಮಾಷೆ ನೋಡಿ, ನನ್ನ ಜೀವನದಲ್ಲಿ ಅಂಥದ್ದು ಆಗುತ್ತಿದ್ದಾಗ ಮೆದುಳಿನ ಫೋಟೋ ತೆಗೆಯುತ್ತಲೇ ಇದ್ದರು, ಫಿಲ್ಮಿನಲ್ಲಿ ಏನೂ ಇಲ್ಲ. ಆ ಸ್ಕ್ಯಾನು ನೋಡೋದು ಆಕಾರವನ್ನ, ಒಳಗಿನ ಕೆಲಸವನ್ನಲ್ಲ, ಹಾಗಾಗಿ ಅದರ ತಪ್ಪೇನಿಲ್ಲ ಬಿಡಿ.

ಕೊನೆಗೆ ತಲೆಸುತ್ತು ಕಿವೀದೇ ಆಗಿತ್ತು. ಒಳಗಿವಿಯಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿರುತ್ತವೆ, ಅವು ಜಾಗ ಬಿಟ್ಟು ಅರ್ಧಚಂದ್ರದಂಥ ಕೊಳವೆಗೆ ಜಾರಿದರೆ ಮನೆಯೆಲ್ಲ ತಿರುಗಿದ ಹಾಗಾಗುತ್ತೆ. ಇಎನ್‌ಟಿ ಡಾಕ್ಟರು ನನ್ನನ್ನು ಮಲಗಿಸಿ, ತಲೆಯನ್ನು ಆ ಕಡೆ ಈ ಕಡೆ ಹಿಡಿದು ತಿರುಗಿಸಿ, ಎಬ್ಬಿಸಿ ಕೂರಿಸಿದರು. ಕೆಲವೇ ನಿಮಿಷದ ಕೆಲಸ, ಮಾತ್ರೆಯೂ ಇಲ್ಲ. ಹೊರಡುವಾಗ ಧೈರ್ಯ ಮಾಡಿ ಸ್ಕ್ಯಾನಿನೊಳಗೆ ಆಗಿದ್ದನ್ನು ಹೇಳಿದೆ. ಅವರು ರಿಪೋರ್ಟಿನ ಕವರು ವಾಪಸ್ ಕೊಡುತ್ತಾ, "ತುಂಬಾ ಜನ ಅದರೊಳಗೆ ನಿದ್ದೆ ಮಾಡಿಬಿಡ್ತಾರೆ" ಅಂದರು. ನಿದ್ದೆ ಅಲ್ಲ ಅಂತ ನನಗೆ ಗೊತ್ತಿತ್ತು. ಹೊರಗೆ ಟೋಕನ್ ಹಿಡಿದು ಜನ ಕಾಯುತ್ತಿದ್ದರು, ವಾದ ಮಾಡದೆ ಎದ್ದು ಬಂದೆ.