ವರ್ಷ, ತಿಂಗಳು, ದಿನ

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರ ಹಳೆಯ ನಿಧನವಾರ್ತೆಗಳನ್ನು ಓದುತ್ತಾ ಕೂತವಳಿಗೆ ಇವತ್ತು ಏಳಲು ಮನಸ್ಸೇ ಬರಲಿಲ್ಲ.

ಮಕ್ಕಳನ್ನು ಸೈನ್ಯಕ್ಕೆ ಕಳಿಸಲಾರೆವು ಎಂದು, ಈಗಿನ ಉಕ್ರೇನ್‌ನಲ್ಲಿದ್ದ ಹೊಲಮನೆ ಬಿಟ್ಟು 1874ರಲ್ಲಿ ಹಡಗು ಹತ್ತಿ ಬಂದವರ ಸಂತತಿ ಇವರು. ಮ್ಯಾನಿಟೋಬಾದ ಸ್ಟೈನ್‌ಬಾಕ್ ಊರು ಶುರುವಾಗಿದ್ದು ಅಂಥ 18 ಕುಟುಂಬಗಳಿಂದ.

ಆ ಬರಹಗಳಲ್ಲಿ ಹೊಗಳಿಕೆ ಕಡಿಮೆ. ಹುಟ್ಟಿದ್ದು, ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆದದ್ದು, ಮದುವೆ, ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು. ಹಸುಗೂಸಾಗಿದ್ದಾಗಲೇ ಹೋದ ಮಕ್ಕಳೂ ಲೆಕ್ಕದಲ್ಲಿರುತ್ತವೆ, ಒಂದನ್ನೂ ಬಿಡುವುದಿಲ್ಲ. ಎಷ್ಟೋ ಕಡೆ ಕೊನೆಗೆ ವಯಸ್ಸು: ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ.

ಆ ದಿನಗಳ ಲೆಕ್ಕ ಓದಿದಾಗ ಗಂಟಲು ಕಟ್ಟಿತು. ಯಾರೋ ಮಗಳು ಅಡುಗೆಮನೆಯ ಮೇಜಿನ ಮುಂದೆ ಕೂತು ಬೆರಳು ಮಡಚಿ ಎಣಿಸಿರಬೇಕು. ಅಮ್ಮ ಹಾಲು ಕರೆದ, ಕಳೆ ಕಿತ್ತ, ಹಿಟ್ಟು ನಾದಿದ ದಿನಗಳಲ್ಲಿ ಒಂದೂ ತಪ್ಪಿಹೋಗಬಾರದು ಅಂತ.

ಮಣ್ಣು ಮಾಡಿ ಬಂದವರೆಲ್ಲ ಒಟ್ಟಿಗೆ ಕೂತು ಕಾಫಿ ಕುಡಿಯುವುದು ಅಲ್ಲಿಯ ವಾಡಿಕೆ. ಜೊತೆಗೆ ಬನ್ನು. ಸ್ವೀಬಾಕ್ ಎಂಬ ಅವರ ಬನ್ನಿನಲ್ಲಿ ದೊಡ್ಡ ಉಂಡೆಯ ಮೇಲೆ ಚಿಕ್ಕದೊಂದು ಉಂಡೆ, ತಾಯಿಯ ಹೆಗಲೇರಿದ ಮಗುವಿನಂತೆ. ಅದನ್ನು ಮುರಿದು ತಿನ್ನುತ್ತಾ ಪ್ಲೌಟ್‌ಡೀಚ್ ಎಂಬ ತಮ್ಮ ಜರ್ಮನ್ ಬಗೆಯ ಮಾತಿನಲ್ಲಿ ಹೋದವರನ್ನು ನೆನೆಯುತ್ತಿದ್ದರು.

ಹೆಸರೂ ಗೊತ್ತಿರದಿದ್ದ ಆ ಹೆಂಗಸರನ್ನು ನೆನೆದು ಈಗ ನಾನೂ ಒಂದು ಲೋಟ ಕಾಫಿ ಹಿಡಿದು ಕೂತಿದ್ದೇನೆ.