ಮರುಭೂಮಿಯಲ್ಲಿ ಕೋಳಿ ಸಾಕಿದವಳಿಗೆ ಕೊಡಗಿನಲ್ಲಿ ಏನು ಕಷ್ಟ?

ಮದುವೆ ಮನೆಯಾಗಲಿ, ಸಂತೆಯಾಗಲಿ, ವಿರಾಜಪೇಟೆ ಬಸ್ಸಿಗೆ ಕಾಯುವ ಜಾಗವಾಗಲಿ, ನನ್ನ ಕೋಳಿಗಳ ಮಾತು ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಅಕ್ಕಾ, ನೀವು ಜೈಸಲ್ಮೇರಲ್ಲೇ ಕೋಳಿ ಸಾಕಿದವರು. ಆ ಬಿಸಿಲಲ್ಲಿ ಸಾಕಿದ ಮೇಲೆ ಇಲ್ಲಿ ಸಾಕೋದು ನಿಮಗೆ ಆಟ ಅಲ್ವಾ?"

ಅಲ್ಲ. ಇಷ್ಟು ದಿನ ಅಷ್ಟೇ ಹೇಳಿ, ನಕ್ಕು ಸುಮ್ಮನಾಗುತ್ತಿದ್ದೆ. ಬಸ್ಸು ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಇವತ್ತು ಮಳೆ ಬಿಡುವ ಹಾಗೆ ಕಾಣುತ್ತಿಲ್ಲ, ಕರೆಂಟೂ ಹೋಗಿದೆ. ಕುಳಿತು ಬರೆದುಬಿಡುತ್ತೇನೆ.

ನನ್ನ ಗಂಡ ಸೇನೆಯಲ್ಲಿದ್ದರು. ಕೊಡಗಿನಲ್ಲಿ ಇದೇನು ಹೊಸ ಸುದ್ದಿಯಲ್ಲ. ಅವರಿಗೆ ಜೈಸಲ್ಮೇರ್ ಕಡೆ ಪೋಸ್ಟಿಂಗ್ ಆದಾಗ ಊರಾಚೆ ಒಂದು ಬಾಡಿಗೆ ಮನೆ ಹಿಡಿದೆವು. ಮೂರು ವರ್ಷ ಅಲ್ಲಿದ್ದೆವು. ಹಿತ್ತಲಲ್ಲಿ ಇದ್ದದ್ದು ಒಂದೇ ಮರ. ಅಲ್ಲಿಯವರು ಖೇಜ್ಡಿ ಅನ್ನುತ್ತಾರೆ. ಅದೇ ನಮ್ಮ ಬನ್ನಿ ಮರ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ನಾವು ವಿಜಯದಶಮಿ ದಿನ ಪೂಜೆ ಮಾಡಿ, ಮಾರನೇ ದಿನ ಮರೆಯುತ್ತೇವೆ. ರಾಜಸ್ಥಾನಕ್ಕೆ ಅದು ರಾಜ್ಯದ ಮರ. ಜೋಧ್‌ಪುರದ ಹತ್ತಿರ ಖೇಜಡ್ಲಿ ಎಂಬ ಹಳ್ಳಿಯಲ್ಲಿ 1730ರಲ್ಲಿ ರಾಜನ ಆಳುಗಳು ಈ ಮರ ಕಡಿಯಲು ಬಂದಾಗ, ಅಮೃತಾದೇವಿ ಮೊದಲಾಗಿ ಬಿಷ್ಣೋಯಿ ಸಮುದಾಯದ 363 ಜನ ಮರ ತಬ್ಬಿ ನಿಂತು ಪ್ರಾಣ ಕೊಟ್ಟರು. ಮೊದಲು ಕೇಳಿದಾಗ ಮರಕ್ಕೋಸ್ಕರ ಯಾರಾದರೂ ಸಾಯ್ತಾರಾ ಅನ್ನಿಸಿತ್ತು. ಒಂದು ಮೇ ತಿಂಗಳು ಅದರ ನೆರಳಲ್ಲಿ ಕಳೆದ ಮೇಲೆ ಹಾಗೆ ಅನ್ನಿಸಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಎಲ್ಲರೂ ದಾದಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಇಪ್ಪತ್ತು ಮೇಕೆ, ಒಂದು ಡಜನ್ ಕೋಳಿ. ನಾನು ಮೊಟ್ಟೆ ಕೊಳ್ಳಲು ಹೋಗಿ, ಕೊನೆಗೆ ಕೋಳಿ ತಂದೆ. ಅವರಿಂದ ಏಳು ಊರಕೋಳಿ, ಪೇಟೆಯಿಂದ ನಾಲ್ಕು ದಪ್ಪ ಜಾತಿಯವು. ದಾದಿ ಆ ನಾಲ್ಕನ್ನು ನೋಡಿ ತಲೆ ಅಲ್ಲಾಡಿಸಿದರು. ನಾನು ಕೊಡಗಿನವಳು, ಹುಟ್ಟಿದಾಗಿನಿಂದ ಕೋಳಿ ನೋಡಿದವಳು, ನನಗೇನು ಹೇಳಿಕೊಡ್ತಾರೆ ಇವರು ಅಂದುಕೊಂಡೆ.

ಮೇ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಲೂ ಬೀಸುತ್ತಿತ್ತು. ಒಲೆ ಮುಂದೆ ಕುಳಿತವರ ಮುಖಕ್ಕೆ ಯಾರೋ ಊದುಕೊಳವೆ ಹಿಡಿದು ಊದಿದ ಹಾಗಿರುತ್ತದೆ ಆ ಗಾಳಿ. ಕೋಳಿಗಳು ತಗಡಿನ ಗೂಡಿನಲ್ಲಿ ಬಾಯಿ ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ನಿಂತಿದ್ದವು. ಪಾಪ ಅನ್ನಿಸಿತು. ಮನೆಯ ಟೇಬಲ್ ಫ್ಯಾನ್ ತಂದು ಗೂಡಿನ ಬಾಗಿಲಿಗೆ ಇಟ್ಟೆ. ಜೋರಾಗಿ ತಿರುಗಿಸಿ, ಒಳ್ಳೆ ಕೆಲಸ ಮಾಡಿದೆ ಅಂತ ಒಳಗೆ ಹೋಗಿ ಮಲಗಿದೆ. ಎದ್ದು ಬಂದು ನೋಡಿದರೆ ದಪ್ಪ ಕೋಳಿಗಳಲ್ಲಿ ಮೂರು ಸತ್ತಿದ್ದವು. ನಾಲ್ಕನೆಯದು ಕುತ್ತಿಗೆ ನೆಲಕ್ಕೆ ಹಾಕಿ ಮಲಗಿತ್ತು.

ನನ್ನ ಕೂಗಿಗೆ ದಾದಿ ಬಂದರು. ಮೊದಲು ಫ್ಯಾನ್ ಕಿತ್ತರು. ಆಮೇಲೆ ಮಡಕೆಯ ನೀರನ್ನು ಬಕೆಟ್ಟಿಗೆ ಸುರಿದು, ಮಲಗಿದ್ದ ಕೋಳಿಯನ್ನು ಎತ್ತಿ, ಕಾಲು ಮತ್ತು ಹೊಟ್ಟೆ ಮುಳುಗುವಷ್ಟು ಮಾತ್ರ ಅದ್ದಿ ಹಿಡಿದರು. ತಲೆಗೆ ಒಂದು ಹನಿ ಹಾಕಲಿಲ್ಲ. ಜುಟ್ಟನ್ನು ಒದ್ದೆ ಬೆರಳಿನಿಂದ ಸವರಿದರು. ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿತ್ತು. ಬಹಳ ಹೊತ್ತಾದ ಮೇಲೆ ಮತ್ತೆ ಕೆಂಪು ಬರತೊಡಗಿತು. ಆ ಕೋಳಿ ಬದುಕಿತು, ಆದರೆ ಆ ಬೇಸಿಗೆ ಪೂರ್ತಿ ಮೊಟ್ಟೆ ಇಡಲಿಲ್ಲ.

ಫ್ಯಾನಿನ ತಪ್ಪು ಏನು? ಕೋಳಿಗೆ ಬೆವರು ಇಲ್ಲ. ಅದರ ಮೈಯ ಬಿಸಿಯೇ ಸುಮಾರು 41 ಡಿಗ್ರಿ. ಗಾಳಿ 30 ಡಿಗ್ರಿ ಇದ್ದರೆ ಬೀಸಿದಷ್ಟೂ ಮೈ ತಣ್ಣಗಾಗುತ್ತದೆ. ಗಾಳಿಯೇ 45 ಡಿಗ್ರಿ ಇದ್ದರೆ, ಅದು ಮೈಯ ಬಿಸಿ ತೆಗೆಯುವ ಬದಲು ಇನ್ನಷ್ಟು ಬಿಸಿ ತುಂಬುತ್ತದೆ. ಆಗ ಕೋಳಿಗೆ ಉಳಿಯುವ ದಾರಿ ಒಂದೇ. ಏದುಸಿರು ಬಿಟ್ಟು ಗಂಟಲಿನ ತೇವ ಆರಿಸಿಕೊಳ್ಳುವುದು. ದಪ್ಪ ಕೋಳಿ ಮೊದಲು ಸಾಯುವುದೂ ಇದಕ್ಕೇ. ಮೈ ದೊಡ್ಡದು, ಒಳಗಿನ ಶಾಖ ಜಾಸ್ತಿ, ಹೊರಗೆ ಹಾಕುವ ದಾರಿ ಅಷ್ಟೇ ಚಿಕ್ಕದು.

ಆಮೇಲೆ ದಾದಿ ಹೇಳಿದ್ದೆಲ್ಲ ಕೇಳಿದೆ. ತಗಡಿನ ಮೇಲೆ ಒಂದು ಅಡಿ ದಪ್ಪ ಹುಲ್ಲು ಹೊದಿಸಿದೆ. ಗೂಡಿನ ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ತಿರುಗಿಸಿ ಕಟ್ಟಿದೆ, ಹಾಗೆ ಮಾಡಿದರೆ ಬೆಳಗ್ಗೆ ಸಂಜೆಯ ಓರೆ ಬಿಸಿಲು ಗಿಡ್ಡ ಗೋಡೆಗೆ ಮಾತ್ರ ಬೀಳುತ್ತದೆ. ಪಶ್ಚಿಮಕ್ಕೆ ಗೋಣಿಚೀಲ ನೇತುಹಾಕಿ ನೀರು ಚಿಮುಕಿಸಿದೆ. ಅಲ್ಲಿನ ಒಣ ಗಾಳಿ ಒದ್ದೆ ಗೋಣಿ ದಾಟಿ ಬಂದರೆ ಎಷ್ಟು ತಂಪು ಅಂದರೆ, ನಾನೂ ಒಂದು ಸ್ಟೂಲ್ ಹಾಕಿಕೊಂಡು ಗೂಡಿನ ಪಕ್ಕವೇ ಕೂರುತ್ತಿದ್ದೆ. ಜುಲೈ ಹೊತ್ತಿಗೆ ಅಲ್ಲೂ ಗಾಳಿಗೆ ತೇವ ಬಂದು ಸೆಕೆ ಶುರುವಾಗುತ್ತದೆ, ಆಗ ಈ ಗೋಣಿಯ ಆಟ ನಡೆಯುವುದಿಲ್ಲ.

ಕಾಳು ಹಾಕುವ ಹೊತ್ತು ಕೂಡ ದಾದಿಯದೇ ಲೆಕ್ಕ. ಬೆಳಗ್ಗೆ ಐದಕ್ಕೆ ಸಜ್ಜೆ, ಮತ್ತೆ ಸಂಜೆ ಬಿಸಿಲು ಇಳಿದ ಮೇಲೆ. ನಡುವೆ ಒಂದು ಕಾಳೂ ಇಲ್ಲ. ತಿಂದದ್ದು ಅರಗುವಾಗ ಮೈಯೊಳಗೆ ಬಿಸಿ ಹುಟ್ಟುತ್ತದೆ, ಆ ಬಿಸಿ ಮಧ್ಯಾಹ್ನದ ಬಿಸಿಲಿನ ಜೊತೆ ಸೇರಬಾರದು. ನಡುಹಗಲು ಕಲ್ಲಂಗಡಿ ಸಿಪ್ಪೆ ಕೊಡುತ್ತಿದ್ದರು. ನೀರಿನ ಮಡಕೆ ಅರ್ಧ ಮರಳಲ್ಲಿ ಹೂತು, ಮರದ ಬುಡದಲ್ಲಿ. ನೀರು ಬಿಸಿಯಾದರೆ ಕೋಳಿ ಬಾಯಾರಿ ಸತ್ತರೂ ಕುಡಿಯಲು ಹಿಂದೇಟು ಹಾಕುತ್ತದೆ. ತಂಪು ಕಾಲದಲ್ಲಿ ದಿನಕ್ಕೆ ಕಾಲು ಲೀಟರ್ ಕುಡಿಯುವ ಕೋಳಿಗೆ ಮೇ ತಿಂಗಳಲ್ಲಿ ಅರ್ಧ ಲೀಟರ್ ಬೇಕು. ಟ್ಯಾಂಕರ್ ನೀರು ಕೊಳ್ಳುವ ಮನೆಯಲ್ಲಿ ಇದು ಸಣ್ಣ ಲೆಕ್ಕ ಅಲ್ಲ. ಅದಕ್ಕೇ ಅಲ್ಲಿ ಯಾವ ನೀರೂ ಒಂದೇ ಸಲ ಬಳಕೆಯಾಗಿ ಮುಗಿಯುತ್ತಿರಲಿಲ್ಲ. ಕೋಳಿ ಮಡಕೆ ತೊಳೆದ ನೀರು ನುಗ್ಗೆ ಗಿಡಕ್ಕೆ, ಸ್ನಾನದ ನೀರು ಬದನೆಗೆ. ತರಕಾರಿ ಮಡಿಗಳು ನೆಲಕ್ಕಿಂತ ಒಂದು ಗೇಣು ಕೆಳಗೆ, ಹಾಕಿದ ನೀರು ಆಚೀಚೆ ಹರಿಯದ ಹಾಗೆ.

ಆ ಬೇಸಿಗೆ ಮೊಟ್ಟೆಯ ಸಿಪ್ಪೆಯೂ ತೆಳ್ಳಗಾಯಿತು. ಬೆರಳು ತಾಗಿದರೆ ಬಿರುಕು. ಸುಣ್ಣದಂಶ ಸಾಲದು ಅಂತ ನಾನು ಸಿಪ್ಪೆ ಪುಡಿ ಮಾಡಿ ಹಾಕಿದ್ದೇ ಹಾಕಿದ್ದು. ಮೂಲ ಬೇರೆ ಕಡೆ ಇತ್ತು. ಏದುಸಿರು ಬಿಟ್ಟಾಗ ಕೋಳಿಯ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಸಿಪ್ಪೆ ಕಟ್ಟಲು ಅದೂ ಬೇಕು. ಸುಣ್ಣ ಎಷ್ಟು ತಿನ್ನಿಸಿದರೂ ಏದುಸಿರು ನಿಲ್ಲದೆ ಸಿಪ್ಪೆ ಗಟ್ಟಿಯಾಗುವುದಿಲ್ಲ.

ಇಷ್ಟು ಓದಿದ ಮೇಲೆ ಅಲ್ಲಿ ಬಲು ಕಷ್ಟ ಅನ್ನಿಸಿರಬೇಕು. ಹೌದು, ಏಪ್ರಿಲ್‌ನಿಂದ ಜೂನ್‌ವರೆಗೆ. ಮಿಕ್ಕ ದಿನಗಳಲ್ಲಿ ಅಷ್ಟು ಸಲೀಸಾಗಿ ನಾನು ಎಲ್ಲೂ ಕೋಳಿ ಸಾಕಿಲ್ಲ. ನೆಲ ಮರಳು. ಹಿಕ್ಕೆ ಬಿದ್ದರೆ ಮಧ್ಯಾಹ್ನದೊಳಗೆ ಒಣಗಿ ಪುಡಿ. ಗೂಡು ತೊಳೆಯುವುದು ಅನ್ನುವ ಕೆಲಸವೇ ಇಲ್ಲ, ಜರಡಿ ಹಿಡಿದರೆ ಆಯಿತು. ಜನವರಿಯ ರಾತ್ರಿಗಳಲ್ಲಿ ಮೈ ಕೊರೆಯುವ ಚಳಿ ಇದ್ದರೂ ಕೋಳಿಗಳು ಗರಿ ಉಬ್ಬಿಸಿ ಚೆನ್ನಾಗಿಯೇ ಇದ್ದವು, ಯಾಕೆಂದರೆ ಅದು ಒಣ ಚಳಿ. ಕಾಟ ಕೊಟ್ಟಿದ್ದು ಉಣುಗು ಮಾತ್ರ. ಹಗಲೆಲ್ಲ ಗೋಡೆ ಬಿರುಕಲ್ಲಿ ಅಡಗಿದ್ದು, ರಾತ್ರಿ ಬಂದು ರಕ್ತ ಹೀರುತ್ತದೆ. ದಾದಿ ಕೋಳಿ ಕೂರುವ ಕೋಲನ್ನು ಗೋಡೆಗೆ ತಾಗಿಸದೆ, ಅದರ ಕಾಲುಗಳನ್ನು ಸೀಮೆಎಣ್ಣೆ ಹಾಕಿದ ಡಬ್ಬಿಗಳಲ್ಲಿ ಇಟ್ಟಿದ್ದರು. ನಮ್ಮ ಅಜ್ಜಿಯಂದಿರು ಇರುವೆ ಹತ್ತದಿರಲಿ ಅಂತ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಟ್ಟ ಹಾಗೆ.

ಗಂಡ ನಿವೃತ್ತರಾಗಿ ಊರಿಗೆ ಬಂದೆವು. ನಾನೀಗ ಮರುಭೂಮಿಯಲ್ಲಿ ಪಾಸಾದವಳು. ಜಂಬ ಇಲ್ಲದೆ ಇರುತ್ತದಾ? ಹೊಸ ಗೂಡು ಕಟ್ಟಿಸಿ, ಕೆಳಗೆ ಅರ್ಧ ಅಡಿ ಹೊಳೆ ಮರಳು ಹಾಸಿದೆ. ಅತ್ತೆ ಬಂದು ನೋಡಿದರು. "ಇದೇನಮ್ಮ, ಕೋಳಿಗೆ ಮನೆ ಕಟ್ತಿದ್ದೀಯೋ, ಗಾರೆಗೆ ಮರಳು ತರಿಸಿದ್ದೀಯೋ?" ಅಂದರು. ಅಲ್ಲಿ ಎಷ್ಟು ಚೆನ್ನಾಗಿತ್ತು ಅಂತ ನಾನು ಭಾಷಣವೇ ಮಾಡಿದೆ.

ಮೇ ಕೊನೆಗೆ ಮೂವತ್ತು ಮರಿ ತಂದು ಬಿಟ್ಟೆ. ಜೂನ್ ಕಳೆಯಿತು. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 200 ಮಿಲಿಮೀಟರ್ ಮಳೆ, ಮಡಿಕೇರಿಯಲ್ಲಿ ಅದು 3000 ದಾಟುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಈ ಮಳೆಯಲ್ಲೇ ಬೆಳೆದವಳು. ಆದರೂ ಜುಲೈಯಲ್ಲಿ ಆ ಮರಳಿಗೆ ಕೈ ಹಾಕಿದಾಗ ಗಾಬರಿಯಾಯಿತು. ಮಾಡು ಎಲ್ಲೂ ಸೋರಿಲ್ಲ, ಎರಚಲು ಒಳಗೆ ಬಂದಿಲ್ಲ. ಬರೀ ಗಾಳಿಯ ತೇವಕ್ಕೆ, ಕೋಳಿಗಳ ಉಸಿರು ಹಿಕ್ಕೆಗಳ ತೇವಕ್ಕೆ ಮರಳು ತಣ್ಣಗೆ, ಹಸಿಹಸಿ, ಮೂಲೆಯಲ್ಲಿ ಹಸಿರು ಪಾಚಿ. ಮೂರನೇ ದಿನ ಮರಿಗಳು ರೆಕ್ಕೆ ಇಳಿಬಿಟ್ಟು ಗುಂಪಾಗಿ ನಿಂತವು. ಹಿಕ್ಕೆಯಲ್ಲಿ ರಕ್ತ. ಮೂವತ್ತರಲ್ಲಿ ಹತ್ತೊಂಬತ್ತು ಹೋದವು.

ಅದು ರಕ್ತಭೇದಿ, ಡಾಕ್ಟರು ಕಾಕ್ಸಿಡಿಯೋಸಿಸ್ ಅನ್ನುತ್ತಾರೆ. ಅದರ ಜೀವಾಣು ಹಿಕ್ಕೆಯಲ್ಲಿ ಹೊರಗೆ ಬಂದಾಗ ಇನ್ನೂ ರೋಗ ಹರಡುವ ಸ್ಥಿತಿಯಲ್ಲಿ ಇರುವುದಿಲ್ಲ. ತೇವ, ಬೆಚ್ಚಗಿನ ಗಾಳಿ ಸಿಕ್ಕಿ ಒಂದೆರಡು ದಿನ ಕಳೆದರೆ ಬಲಿಯುತ್ತದೆ. ಅಲ್ಲಿ ಆ ಒಂದೆರಡು ದಿನವನ್ನು ಬಿಸಿಲು ಕೊಡುತ್ತಲೇ ಇರಲಿಲ್ಲ. ಮೂರು ವರ್ಷ ನನ್ನ ಪರವಾಗಿ ಬಿಸಿಲು ಮಾಡಿದ ಕೆಲಸವನ್ನು ನಾನು ನನ್ನ ಜಾಣತನ ಅಂದುಕೊಂಡಿದ್ದೆ.

ನನ್ನ ಉತ್ತರ ಇರುವುದು ಇಲ್ಲೇ. ಅಲ್ಲಿ ಕೋಳಿಯ ಮೈಯೊಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಇಲ್ಲಿ ಗೂಡಿನೊಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಬಿಸಿ ಒಂದೇ ಮಧ್ಯಾಹ್ನದಲ್ಲಿ ಕೊಲ್ಲುತ್ತದೆ, ಕಣ್ಣಿಗೆ ಕಾಣುತ್ತದೆ, ನೀವು ಓಡಿ ಹೋಗಿ ಏನಾದರೂ ಮಾಡುತ್ತೀರಿ. ತೇವ ಹಾಗಲ್ಲ. ನಾಲ್ಕು ತಿಂಗಳು ಮೆಲ್ಲಗೆ ಕೂತಿರುತ್ತದೆ. ಕಾಳಿನ ಚೀಲದೊಳಗೆ ಬೂಷ್ಟಾಗಿ, ನೆಲದಲ್ಲಿ ಹುಳವಾಗಿ, ಗಾಳಿಯಲ್ಲಿ ಅಮೋನಿಯಾ ಆಗಿ. ನನಗೆ ಕೇಳಿದರೆ ಇಲ್ಲೇ ಕಷ್ಟ ಜಾಸ್ತಿ.

ಈಗ ನನ್ನ ಗೂಡು ನೆಲದಿಂದ ಮೂರು ಅಡಿ ಮೇಲಿದೆ. ಕಾಲಿಗೆ ತೋಟದ ಸಿಲ್ವರ್ ಓಕ್ ಮರ, ತಳಕ್ಕೆ ಹಲಗೆ, ಮೇಲೆ ಭತ್ತದ ಹೊಟ್ಟು. ಮಳೆ ಹೊಡೆಯುವ ಪಶ್ಚಿಮಕ್ಕೆ ಮಾಡನ್ನು ಮೂರು ಅಡಿ ಮುಂದಕ್ಕೆ ಚಾಚಿದ್ದೇನೆ. ಚಳಿ ಅಂತ ಎಲ್ಲರೂ ಟಾರ್ಪಾಲು ಸುತ್ತಿ ಗೂಡು ಮುಚ್ಚುತ್ತಾರೆ, ನಾನು ಮೇಲ್ಗಡೆ ಒಂದು ಅಡಿ ಜಾಲರಿ ಹಾಗೇ ತೆರೆದಿಟ್ಟಿದ್ದೇನೆ. ಹೊಟ್ಟನ್ನು ಎರಡು ದಿನಕ್ಕೊಮ್ಮೆ ಕೆದಕುತ್ತೇನೆ. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆ ಕಟ್ಟಬಾರದು, ಬಿಟ್ಟ ಕೂಡಲೇ ಉದುರಬೇಕು. ಉಂಡೆ ಕಟ್ಟಿದರೆ ತೆಗೆದು ಗೊಬ್ಬರದ ಗುಂಡಿಗೆ ಹಾಕುತ್ತೇನೆ, ತರಗೆಲೆ ಜೊತೆ ಕೊಳೆತು ಮೆಣಸಿನ ಬಳ್ಳಿಗೆ ಹೋಗುತ್ತದೆ. ಅಮೋನಿಯಾ ವಾಸನೆ ನೋಡುವಾಗ ನಿಂತು ಮೂಸಬೇಡಿ. ಕೋಳಿಯ ಎತ್ತರಕ್ಕೆ ಬಗ್ಗಿ ಮೂಸಿ. ನಿಮ್ಮ ಕಣ್ಣು ಉರಿದರೆ, ಕೋಳಿ ಇಡೀ ರಾತ್ರಿ ಉರಿಸಿಕೊಂಡಿದೆ ಅಂತ ಲೆಕ್ಕ.

ಯಾವ ಜಾತಿ ಸಾಕಲಿ ಅಂತಲೂ ಕೇಳುತ್ತಾರೆ. ಗಿರಿರಾಜ ಚೆನ್ನಾಗಿ ಬೆಳೆಯುತ್ತದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಿಗೆ ಅಂತಲೇ ಮಾಡಿದ ತಳಿ. ಆದರೆ ಕಾವಿಗೆ ಕೂರಲ್ಲ, ಗಿಡುಗ ಬಂದರೆ ಓಡಲ್ಲ. ನಾನು ನಾಲ್ಕು ನಾಟಿ ಹೇಂಟೆ ಇಟ್ಟುಕೊಂಡು, ಅವುಗಳ ಕೆಳಗೇ ಎಲ್ಲ ಮೊಟ್ಟೆ ಇಡುತ್ತೇನೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮಾತ್ರ ಯಾವ ಜಾತಿಯಾದರೂ ತಪ್ಪಿಸಬೇಡಿ. ಅದಕ್ಕೆ ಮರುಭೂಮಿ, ಮಳೆಕಾಡು ಎರಡೂ ಒಂದೇ.

ಒಂದು ವಿಷಯದಲ್ಲಿ ದಾದಿಗೂ ಅತ್ತೆಗೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಮಾತು. ದಾದಿ ಹೋಳಿ ಕಳೆದ ಮೇಲೆ ಕೋಳಿಯನ್ನು ಕಾವಿಗೆ ಕೂರಿಸುತ್ತಿರಲಿಲ್ಲ. ಕೂತರೂ ಕೆಳಗಿನ ಮೊಟ್ಟೆ ತೆಗೆದು ಎಬ್ಬಿಸುತ್ತಿದ್ದರು. ಮರಿಗಳು ಮೇ ಬಿಸಿಲಿಗೆ ಸಿಗಬಾರದು ಅಂತ. ಅತ್ತೆ ಬೇಸಿಗೆಯಲ್ಲಿ ಕೂರಿಸುವುದಿಲ್ಲ, ಮರಿಗಳು ಮಳೆಗೆ ಸಿಗಬಾರದು ಅಂತ. ಇಬ್ಬರಿಗೂ ಒಳ್ಳೆ ಕಾಲ ಅಂದರೆ ಮಳೆ ಮುಗಿದ ಮೇಲಿನದು. ಅಕ್ಟೋಬರ್ ಕೊನೆಗೆ ಕೂರಿಸಿದರೆ 21 ದಿನಕ್ಕೆ ಮರಿ, ಜೂನ್ ಬರುವ ಹೊತ್ತಿಗೆ ಆರು ತಿಂಗಳು ದಾಟಿದ ಗಟ್ಟಿ ಕೋಳಿ. ಹೆಚ್ಚಾದ ಹುಂಜಗಳು ಜುಲೈ-ಆಗಸ್ಟಿನ ಕಕ್ಕಡ ತಿಂಗಳಿಗೆ ಸಾರಾಗುತ್ತವೆ, ಆ ಮಳೆಯಲ್ಲಿ ಅದಕ್ಕಿಂತ ಇನ್ನೇನು ಬೇಕು.

ಹಾಗಾಗಿ ಈಗ ಮರಿ ಕೊಡಿ ಅಂತ ಫೋನ್ ಮಾಡಬೇಡಿ. ತುಲಾ ಸಂಕ್ರಮಣ ಕಳೆದ ಮೇಲೆ ಬನ್ನಿ, ಹತ್ತು ಮೊಟ್ಟೆ ಕೊಡುತ್ತೇನೆ. ಕಾವಿಗೆ ಬಂದ ಹೇಂಟೆಯನ್ನು ಮಾತ್ರ ನೀವೇ ಹುಡುಕಿಟ್ಟಿರಿ, ನನ್ನದು ನಾಲ್ಕೂ ಈಗಾಗಲೇ ಬುಕ್ ಆಗಿವೆ.